ಗ್ರಾಫಿಕ್ಸ್ ಕಾನ್ಫರೆನ್ಸ್‌ನಲ್ಲಿ ನನಗೆ ಏನು ಕೇಳಬಹುದು? ಈಗಲೇ ಕೇಳಿಬಿಡಿ

ಸ್ಲೋ ಲೋಕಲ್ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾನು ಎಂ.ಟೆಕ್ ಎರಡನೇ ವರ್ಷದಲ್ಲಿದ್ದೇನೆ. ಡಿಸೆಂಬರ್‌ನಲ್ಲಿ ಒಂದು ಕಂಪ್ಯೂಟರ್ ಗ್ರಾಫಿಕ್ಸ್ ಕಾನ್ಫರೆನ್ಸ್‌ನಲ್ಲಿ ನನ್ನ ಪೋಸ್ಟರ್ ಇದೆ. ಇದೇ ಮೊದಲು. ಅಲ್ಲಿ ಏನೇನು ಪ್ರಶ್ನೆ ಕೇಳುತ್ತಾರೆ? ಹೇಗೆ ಉತ್ತರ ಕೊಡಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ. ಅರ್ಜೆಂಟ್.

ಏಳನೇ ವರ್ಷ (ಪುಣೆ)

ಅಲ್ರೀ, ಯಾವ ವಿಷಯ ಅಂತಲೇ ಬರೆದಿಲ್ಲವಲ್ಲ. ಗ್ರಾಫಿಕ್ಸ್‌ನಲ್ಲಿ ಕೂದಲು ಹಾರಿಸುವವರಿದ್ದಾರೆ, ನೀರು ಹರಿಸುವವರಿದ್ದಾರೆ, ಬೆಳಕಿನ ಲೆಕ್ಕ ಹಾಕುತ್ತಾ ಕೂದಲು ಉದುರಿಸಿಕೊಂಡವರೂ ಇದ್ದಾರೆ. ಎಲ್ಲರಿಗೂ ಒಂದೇ ಪ್ರಶ್ನೆ ಬರುವುದಿಲ್ಲ. ಪೋಸ್ಟರ್‌ನ ಒಂದು ಚಿತ್ರ ಹಾಕಿ. ಏನು ಮಾಡಿದ್ದೀರಿ, ಎಲ್ಲಿ ಹೆದರಿಕೆ ಅಂತ ಬರೆಯಿರಿ. ಆಮೇಲೆ ನೋಡೋಣ.

ಹೆಸರು ನೋಡಿ ನಗಬೇಡಿ. ನನ್ನ ಪಿಎಚ್‌ಡಿ ನಿಜವಾಗಿಯೂ ಏಳನೇ ವರ್ಷಕ್ಕೆ ಬಿದ್ದಿದೆ.

ಸ್ಲೋ ಲೋಕಲ್

ಸರಿ ಸರ್, ತಪ್ಪಾಯಿತು. ಪೂರ್ತಿ ಹೇಳುತ್ತೇನೆ.

ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮಂಥ ಮನೆಗಳ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನ ತಮ್ಮನೇ ಹಾಗೆ. ಊರಿಗೆ ಹೋದರೆ ಬಸ್ಸಿನ ಬೋರ್ಡ್ ಓದಿ ಹೇಳಲು ಅವನಿಗೆ ಅಜ್ಜಿ ಬೇಕು. ಅಂಥವರಿಗಾಗಿ ವಿಆರ್‌ನಲ್ಲಿ ಒಂದು ಪೇಟೆ ಬೀದಿ ಮಾಡಿದ್ದೇನೆ. ಹೆಡ್‌ಸೆಟ್ ಹಾಕಿಕೊಂಡು ನಡೆದರೆ ಎರಡೂ ಕಡೆ ಅಂಗಡಿಗಳು, ಬೋರ್ಡೆಲ್ಲ ಕನ್ನಡದ್ದು. 'ಹಾಲಿನ ಡೇರಿಗೆ ಹೋಗು' ಅಂತ ಧ್ವನಿ ಬರುತ್ತದೆ. ಓದಿಕೊಂಡು ಹುಡುಕಬೇಕು.

ಅಕ್ಷರ ಮೂಡಿಸಲು ಡಿಸ್ಟೆನ್ಸ್ ಫೀಲ್ಡ್ ಬಳಸಿದ್ದೇನೆ. ಗೊತ್ತಿಲ್ಲದವರಿಗೆ ಸುಮ್ನೆ ಒಂದು ಮಾತು: ಅಕ್ಷರದ ಚಿತ್ರವನ್ನೇ ಇಟ್ಟುಕೊಳ್ಳುವ ಬದಲು, ಪ್ರತಿ ಚುಕ್ಕಿಯಲ್ಲೂ 'ಇಲ್ಲಿಂದ ಅಕ್ಷರದ ಅಂಚು ಎಷ್ಟು ದೂರ' ಅನ್ನುವ ಸಂಖ್ಯೆ ಇಡುತ್ತೇವೆ. ಚಿಕ್ಕ ಚಿತ್ರದಿಂದಲೇ ದೊಡ್ಡ ಅಕ್ಷರ ನುಣುಪಾಗಿ ಬರುತ್ತದೆ. ಮೂಗು ತಾಗುವಷ್ಟು ಹತ್ತಿರ ಹೋದರೂ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದಿಲ್ಲ. ಈ ಉಪಾಯ ನನ್ನದಲ್ಲ. ವಾಲ್ವ್ ಕಂಪನಿಯ ಕ್ರಿಸ್ ಗ್ರೀನ್ 2007ರಲ್ಲಿ ಗ್ರಾಫಿಕ್ಸ್‌ನ ದೊಡ್ಡ ಕಾನ್ಫರೆನ್ಸ್ ಸಿಗ್ರಾಫ್‌ನಲ್ಲಿ ವಿವರಿಸಿದ್ದು. ನಾನು ಅದನ್ನು ಕನ್ನಡಕ್ಕೆ, ಒತ್ತಕ್ಷರ ಸಮೇತ, ಒಗ್ಗಿಸಿದ್ದೇನೆ.

ಹೆದರಿಕೆ ಏನಂದರೆ, 'ಇದರಲ್ಲಿ ನಿಮ್ಮದೇನು ಹೊಸದು?' ಅಂದರೆ ನನಗೆ ಬಾಯಿ ಕಟ್ಟುತ್ತದೆ. ಗೈಡ್ ಮುಂದೆ ರಿಹರ್ಸಲ್ ಮಾಡುವಾಗಲೇ ಕಟ್ಟಿತು. ಬೀದಿಯ ಚಿತ್ರ ಹಾಕಿದ್ದೇನೆ. ನಾಲ್ಕು ಬೋರ್ಡ್ ಇವೆ. ಎರಡು ಹತ್ತಿರ, ಎರಡು ದೂರ.

ಠಾಣೆ ಶೆಟ್ಟರು

ನನಗೆ ಈ ಫೀಲ್ಡು ಗೀಲ್ಡು ಗೊತ್ತಿಲ್ಲ. ನನ್ನದು ಹೋಟೆಲ್. ಆದರೆ ನನ್ನ ಮಗಳೂ ಹೀಗೇ ಮಾರಾಯ್ರೇ, ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆ, ಮದುವೆ ಕಾಗದ ಕೈಗೆ ಕೊಟ್ಟರೆ ತಲೆಕೆಳಗೆ ಹಿಡಿಯುತ್ತಾಳೆ. ನಿಮ್ಮ ಬೀದಿಯಲ್ಲಿ ಹೋಟೆಲ್ ಇಲ್ಲವಾ? ಪೇಟೆ ಅಂದ ಮೇಲೆ ಒಂದು ಹೋಟೆಲ್ ಬೇಡವಾ?

ವಾಸ್ಕೊ ವಾಸು (ಗೋವಾ)

ನಾನು ಮೊಬೈಲ್ ಗೇಮ್ ಮಾಡುವ ಚಿಕ್ಕ ತಂಡದಲ್ಲಿದ್ದೇನೆ. ಈಗ ನಾನೇ ನಿಮ್ಮ ಪೋಸ್ಟರ್ ಮುಂದೆ ಕಾಫಿ ಕಪ್ ಹಿಡಿದು ನಿಂತಿದ್ದೇನೆ ಅಂದುಕೊಳ್ಳಿ ಅಕ್ಕ.

ಅಂಗಡಿ ಬೋರ್ಡ್ ಏನು ದಿನಾ ಬದಲಾಗುತ್ತದಾ? ಒಂದು ಸಲ ಬರೆದು ಅದರ ಚಿತ್ರವನ್ನೇ ಟೆಕ್ಸ್‌ಚರ್ ಮಾಡಿ ಗೋಡೆಗೆ ಅಂಟಿಸಿದರೆ ಆಗುವುದಿಲ್ಲವಾ? ಇಷ್ಟೆಲ್ಲ ಯಾಕೆ? ಆಮೇಲೆ, ಕನ್ನಡಕ್ಕೆ ಒಟ್ಟು ಎಷ್ಟು ಗ್ಲಿಫ್, ಅಂದರೆ ಬೇರೆ ಬೇರೆ ಅಕ್ಷರದ ಆಕಾರ, ಬೇಕು? ಕೊನೆಯದಾಗಿ, 'ರ‍್ಯಾಲಿ' ಅಂತ ಬರೆಸಿ ತೋರಿಸಿ.

ಕೊನೆಯದು ಕೀಟಲೆ ಅಲ್ಲ. ನಮ್ಮ ಕಾರ್ ರೇಸ್ ಗೇಮ್‌ಗೆ ಕನ್ನಡ ಹಾಕಿದಾಗ ಇದೇ ಪದ ಮಾನ ಕಳೆಯಿತು. ಅದರಲ್ಲಿ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಝಡ್‌ಡಬ್ಲ್ಯುಜೆ ಅಂತ. ನಮ್ಮ ಕೋಡ್ 'ಕಾಣದ್ದು ಯಾಕೆ ಬೇಕು' ಅಂತ ಅದನ್ನು ಕಿತ್ತು ಬಿಸಾಡುತ್ತಿತ್ತು. ರ ಹೋಗಿ ಅರ್ಕಾವೊತ್ತಾಗಿ 'ರ್ಯಾಲಿ' ಆಗುತ್ತಿತ್ತು. ಅದೂ ಮೊದಲ ಸ್ಕ್ರೀನ್‌ನಲ್ಲೇ, ದಪ್ಪ ಅಕ್ಷರದಲ್ಲಿ.

ಸ್ಲೋ ಲೋಕಲ್

ವಾಸು, ಪ್ರಯತ್ನ ಮಾಡುತ್ತೇನೆ.

ನನ್ನ ಬೀದಿಯಲ್ಲಿ ಬೋರ್ಡ್ ಬದಲಾಗುತ್ತದೆ. ಮಗು ಒಂದು ಸುತ್ತು ಮುಗಿಸಿದರೆ ಹೊಸ ಹೆಸರುಗಳು ಬರುತ್ತವೆ, ಇಲ್ಲದಿದ್ದರೆ ಬಾಯಿಪಾಠ ಮಾಡಿಬಿಡುತ್ತಾರೆ. ಪಾಠ ಹೇಳುವವರು ತಮಗೆ ಬೇಕಾದ ಪದ ಟೈಪ್ ಮಾಡಬಹುದು. ಅದಕ್ಕೇ ಟೆಕ್ಸ್‌ಚರ್ ಅಂಟಿಸಲಿಲ್ಲ.

ಗ್ಲಿಫ್ ಲೆಕ್ಕ: ವ್ಯಂಜನ 34. ಒಂದಕ್ಕೆ ಇನ್ನೊಂದರ ಒತ್ತು ಅಂದರೆ 34 × 34, ಅಂದರೆ 1156. ಅದರ ಮೇಲೆ ಕಾಗುಣಿತ ಹಾಕಿದರೆ ಹತ್ತು ಸಾವಿರ ದಾಟುತ್ತದೆ. ಆದರೆ ಅಷ್ಟು ಇಡಬೇಕಾಗಿಲ್ಲ. ನಮ್ಮ ಒತ್ತು ಬಹುಪಾಲು ಕೆಳಗೆ ಬೇರೆಯಾಗಿ ಕೂರುತ್ತದೆ, ಮೇಲಿನ ಅಕ್ಷರದೊಳಗೆ ಕರಗುವುದಿಲ್ಲ. ಮೇಲಿನವು ಬೇರೆ, ಒತ್ತುಗಳು ಬೇರೆ, ಕಾಗುಣಿತದ ರೂಪಗಳು ಬೇರೆ ಅಂತ ಇಟ್ಟರೆ ಕೆಲವು ನೂರರಲ್ಲಿ ಮುಗಿಯುತ್ತದೆ. ಯಾವುದು ಎಲ್ಲಿ ಕೂರಬೇಕು ಅಂತ ಹಾರ್ಫ್‌ಬಝ್ ಹೇಳುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಅಕ್ಷರ ಜೋಡಿಸುವುದು ಅದೇ.

'ರ‍್ಯಾಲಿ' ಈಗ ಬರೆಸಿದೆ. ತಪ್ಪು ಬಂತು!! ಹಾರ್ಫ್‌ಬಝ್‌ಗೆ ಕೊಡುವ ಮೊದಲೇ ನಾನು ಪದ ಶುಚಿ ಮಾಡುವ ಒಂದು ಸಾಲು ಬರೆದಿದ್ದೆ. ಅದೂ ಝಡ್‌ಡಬ್ಲ್ಯುಜೆಯನ್ನು ತಿನ್ನುತ್ತಿತ್ತು. ಆರು ತಿಂಗಳಿಂದ ಅಲ್ಲೇ ಕೂತಿದೆ ಮಹಾರಾಯ.

ಏಳನೇ ವರ್ಷ

ಉತ್ತರ ಚೆನ್ನಾಗಿದೆ, ಬಾಯಿ ಎಲ್ಲಿ ಕಟ್ಟಿತು ನಿಮಗೆ? ಎರಡು ಮಾತು ನನ್ನ ಕಡೆಯಿಂದ.

ಪೋಸ್ಟರ್‌ನಲ್ಲಿ '200 ಎಫ್‌ಪಿಎಸ್‌ನಿಂದ 150ಕ್ಕೆ ಇಳಿಯಿತು' ಅಂತ ಬರೆದಿದ್ದೀರಿ. ಆ ಸೆಕೆಂಡಿಗೆಷ್ಟು ಫ್ರೇಮ್ ಅನ್ನುವ ಲೆಕ್ಕ ತೆಗೆಯಿರಿ, ಮಿಲಿಸೆಕೆಂಡ್‌ನಲ್ಲಿ ಹೇಳಿ. 200ರಿಂದ 150 ಅಂದರೆ ಏನೋ ಭಾರೀ ನಷ್ಟ ಅನಿಸುತ್ತದೆ. ಲೆಕ್ಕ ಹಾಕಿದರೆ ಒಂದು ಫ್ರೇಮ್‌ಗೆ 1.7 ಮಿಲಿಸೆಕೆಂಡ್ ಜಾಸ್ತಿ, ಅಷ್ಟೇ. 60ರಿಂದ 50ಕ್ಕೆ ಇಳಿದರೆ ನೋಡಲು ಹತ್ತೇ, ಆದರೆ 3.3 ಮಿಲಿಸೆಕೆಂಡ್ ಹೋಯಿತು. ಗ್ರಾಫಿಕ್ಸ್ ಜನ ಇದನ್ನು ಕಂಡರೆ ಬಿಡುವುದಿಲ್ಲ. ನಿಮ್ಮ ಹೆಡ್‌ಸೆಟ್ 72 ಹರ್ಟ್ಸ್‌ನಲ್ಲಿ ಓಡಿದರೆ ಒಂದು ಫ್ರೇಮ್‌ಗೆ ಸಿಗುವುದು 13.9 ಮಿಲಿಸೆಕೆಂಡ್. ಅದರಲ್ಲಿ ಅಕ್ಷರಕ್ಕೆ ಎಷ್ಟು ಖರ್ಚಾಯಿತು, ಅದನ್ನು ಹೇಳಿ.

ಇನ್ನೊಂದು ಖಂಡಿತ ಬರುತ್ತದೆ: 'ಡಿಸ್ಟೆನ್ಸ್ ಫೀಲ್ಡ್‌ನಲ್ಲಿ ಚೂಪು ಮೂಲೆಗಳು ಮೊಂಡಾಗುತ್ತವಲ್ಲ, ಏನು ಮಾಡಿದಿರಿ?' ಇಂಗ್ಲಿಷ್ ಅಕ್ಷರಕ್ಕೆ ಅದು ದೊಡ್ಡ ತಲೆನೋವು. ಅದಕ್ಕೇ ಮೂರು ಬಣ್ಣದ ಚಾನೆಲ್ ಬಳಸುವ ವಿಧಾನ ಬಂದದ್ದು. ನಮ್ಮ ಲಿಪಿ ಗುಂಡಗೆ. ತಲೆಕಟ್ಟಿನ ತುದಿ ಬಿಟ್ಟರೆ ಚೂಪು ಎಲ್ಲಿದೆ? ಹೀಗೆ ಹೇಳಿದರೆ ಅವರು ನಕ್ಕು ಮುಂದೆ ಹೋಗುತ್ತಾರೆ.

'ಹೊಸದೇನು' ಅನ್ನುವುದಕ್ಕೆ ಮಾತ್ರ ಇನ್ನೂ ಉತ್ತರ ಇಲ್ಲ ನಿಮ್ಮ ಹತ್ತಿರ. 'ಕನ್ನಡದಲ್ಲಿ ಮೊದಲ ಸಲ' ಅಂದರೆ ಸಾಲದು. ಕನ್ನಡ ಏನನ್ನು ಕಷ್ಟ ಮಾಡಿತು, ಅದು ಬೇಕು.

ರಾತ್ರಿ ರೆಂಡರ್ (ಗೋರೆಗಾಂವ್)

ನಾನು ವಿಎಫ್‌ಎಕ್ಸ್‌ನಲ್ಲಿ ಲೈಟಿಂಗ್ ಮಾಡುವವನು. ನಮ್ಮ ಸ್ಟುಡಿಯೊದಲ್ಲಿ ಪ್ರಶ್ನೆ ಕೇಳುವುದು ಒಬ್ಬರೇ, ಕ್ಲೈಂಟ್. ಅವರ ಪ್ರಶ್ನೆಯೂ ಒಂದೇ, 'ನಾಳೆ ಸಿಗುತ್ತದಾ?'

ತಂಗಿ, ಹೆದರಬೇಡ. ಒಂದು ಹಳೇ ಕತೆ ಹೇಳುತ್ತೇನೆ. 1986ರಲ್ಲಿ ಡಲ್ಲಾಸ್‌ನ ಸಿಗ್ರಾಫ್‌ನಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 'ಲಕ್ಸೊ ಜೂನಿಯರ್' ತೋರಿಸಿದರು. ಎರಡು ಟೇಬಲ್ ಲ್ಯಾಂಪ್, ಒಂದು ಚೆಂಡು, ಅಷ್ಟೇ ಚಿತ್ರ. ಲ್ಯಾಂಪುಗಳು ಒಂದರ ಮೇಲೊಂದು ನೆರಳು ಬೀಳಿಸುವುದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ಮುಗಿದ ಮೇಲೆ ಜಿಮ್ ಬ್ಲಿನ್ ಅವರ ಹತ್ತಿರ ಬಂದರು. ನುಣುಪು ಮೇಲ್ಮೈಯಲ್ಲಿ ಉಬ್ಬುತಗ್ಗು ಕಾಣಿಸುವ ಬಂಪ್ ಮ್ಯಾಪಿಂಗ್ ಕೊಟ್ಟ ಮನುಷ್ಯ, ಸಾಮಾನ್ಯರಲ್ಲ. ಲ್ಯಾಸೆಟರ್‌ಗೆ ಎದೆ ಡವಡವ. ನೆರಳಿನ ಅಲ್ಗಾರಿದಮ್ ಬಗ್ಗೆ ಕೇಳಿದರೆ ಏನು ಹೇಳುವುದು? ಬ್ಲಿನ್ ಕೇಳಿದ್ದು ಇಷ್ಟು: ಆ ದೊಡ್ಡ ಲ್ಯಾಂಪು ಅಮ್ಮನಾ, ಅಪ್ಪನಾ?

ನೀನು ಗಣಿತ ಓದಿಕೊಂಡು ಹೋಗುತ್ತೀಯ, ಅವರು ಬೀದಿಯಲ್ಲಿ ಹೋಟೆಲ್ ಯಾಕಿಲ್ಲ ಅಂತ ಕೇಳುತ್ತಾರೆ. ಶೆಟ್ಟರು ಆಗಲೇ ಕೇಳಿದರಲ್ಲ.

ಅಂದ ಹಾಗೆ, ಕಾನ್ಫರೆನ್ಸ್ ಅಸಲಿ ತಾನೇ? ಈಗ ನಕಲಿಗಳು ಜಾಸ್ತಿ.

ವಾಸ್ಕೊ ವಾಸು

ಹೌದು ಅಕ್ಕ, ನೋಡಿಕೊಳ್ಳಿ. ನಕಲಿಗಳಿಗೆಲ್ಲ ನಮ್ಮ ಗೋವಾ ಅಂದರೆ ಬಹಳ ಪ್ರೀತಿ. ನಾನು ಓದುವಾಗ ನಮ್ಮ ಕಾಲೇಜಿನಿಂದಲೇ ಒಂದಕ್ಕೆ ಕಳಿಸಿದ್ದರು. ಪೇಪರ್ ಕಳಿಸಿದ ಮೂರನೇ ದಿನ 'ಆಯ್ಕೆಯಾಗಿದೆ, ಹಣ ಕಟ್ಟಿ' ಅಂತ ಬಂತು. ಯಾರೂ ಓದಿರಲಿಲ್ಲ. ಕಲಂಗುಟ್ ಹತ್ತಿರ ಒಂದು ಹೋಟೆಲಿನ ಮದುವೆ ಹಾಲ್. ಹಿಂದಿನ ದಿನದ ಹೂವಿನ ಮಂಟಪ ಇನ್ನೂ ಬಿಚ್ಚಿರಲಿಲ್ಲ. ಅದರ ಮುಂದೆ ನಿಂತು ನಾನು ರೇ ಟ್ರೇಸಿಂಗ್ ಬಗ್ಗೆ ಮಾತಾಡಿದೆ. ನನಗಿಂತ ಮೊದಲು ಹೃದ್ರೋಗದ ಬಗ್ಗೆ ಒಬ್ಬರು, ಆಮೇಲೆ ಜಿಎಸ್‌ಟಿ ಬಗ್ಗೆ ಒಬ್ಬರು. ಪ್ರಶ್ನೆ ಒಂದೂ ಇಲ್ಲ. ಊಟ ಮಾತ್ರ ಒಳ್ಳೆಯದಿತ್ತು.

ಸ್ಲೋ ಲೋಕಲ್

ಅಸಲಿಯೇ ಅಣ್ಣ. ಮೂವರು ಓದಿ ಬೈದು ಕಳಿಸಿದ ಮೇಲೆ ಒಪ್ಪಿಕೊಂಡರು. ಬೈಗುಳ ಇದೆ ಅಂದರೆ ಅಸಲಿ ಅಲ್ವಾ.

ಡಿಟಿಪಿ ಮಾಮ (ಮಾಟುಂಗಾ)

ಇಪ್ಪತ್ತೈದು ವರ್ಷದಿಂದ ಕನ್ನಡ ಮದುವೆ ಕಾಗದ, ಸಂಘದ ಆಮಂತ್ರಣ ಪ್ರಿಂಟ್ ಮಾಡುತ್ತಿದ್ದೇನೆ. ಮಗಳೇ, ನಿನ್ನ ಚಿತ್ರದಲ್ಲಿ ದೂರದ ಎರಡನೇ ಬೋರ್ಡ್ ತಪ್ಪಿದೆ. 'ದನಲಕ್ಷ್ಮೀ ಸ್ಟೋರ್ಸ್' ಅಂತ ಬರೆದಿದ್ದೀಯ. ಲಕ್ಷ್ಮಿಗೆ ದನ ಯಾಕೆ ಕಟ್ಟಿದೆ?

ಸ್ಲೋ ಲೋಕಲ್

ಇಲ್ಲ ಮಾಮ, ನಾನು 'ಧನಲಕ್ಷ್ಮೀ' ಅಂತಲೇ ಟೈಪ್ ಮಾಡಿದ್ದು. ಈಗ ನೋಡಿದೆ. ಫೈಲ್‌ನಲ್ಲಿ ಧ ಇದೆ. ಬೋರ್ಡ್ ಹತ್ತಿರ ಹೋದರೆ ಧ ಕಾಣುತ್ತದೆ. ಹಿಂದೆ ಹಿಂದೆ ಬಂದರೆ ಹೊಟ್ಟೆಯ ಸೀಳು ಮುಚ್ಚಿಹೋಗಿ ದ ಆಗುತ್ತದೆ!

ಗೈಡ್ ಮರಾಠಿಯವರು, ಅವರಿಗೆ ಗೊತ್ತಾಗುವ ಹಾಗಿಲ್ಲ. ನಾನು ಸಾವಿರ ಸಲ ನೋಡಿದ್ದೇನೆ, ನನಗೂ ಕಾಣಲಿಲ್ಲ.

ಏಳನೇ ವರ್ಷ

ಮಾಮಗೆ ನಮಸ್ಕಾರ. ಸಿಕ್ಕಿತು ನೋಡಿ ನಿಮ್ಮ ಹೊಸದು.

ದ ಮತ್ತು ಧ, ಬಾ ಮತ್ತು ಭಾ, ಡ ಮತ್ತು ಢ, ಪ ಮತ್ತು ಫ. ಇವೆಲ್ಲ ಒಂದು ಚಿಕ್ಕ ಗೀಟಿನ ಮೇಲೆ ನಿಂತಿವೆ. ಗೀಟು ಹೋದರೆ ಅಕ್ಷರ ಹಾಳಾಗುವುದಿಲ್ಲ, *ಬೇರೆ ಅಕ್ಷರ* ಆಗುತ್ತದೆ. ಮಸುಕಾದರೆ ಓದುವವರಿಗೆ 'ಕಾಣುತ್ತಿಲ್ಲ' ಅಂತಾದರೂ ಗೊತ್ತಾಗುತ್ತದೆ. ಇಲ್ಲಿ ಸ್ಪಷ್ಟವಾಗಿ ತಪ್ಪು ಕಾಣುತ್ತದೆ. ಓದು ಕಲಿಯುವ ಮಗುವಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ.

ಹೆಡ್‌ಸೆಟ್ ಯಾವುದು? ಬೋರ್ಡಿನ ಅಕ್ಷರ ಎಷ್ಟು ಎತ್ತರ?

ಸ್ಲೋ ಲೋಕಲ್

ಕ್ವೆಸ್ಟ್ 2. ಅಕ್ಷರ 30 ಸೆಂಟಿಮೀಟರ್. ಸೀಳು ಸುಮಾರು ಒಂದೂವರೆ ಸೆಂಟಿಮೀಟರ್ ಅಗಲ.

ಏಳನೇ ವರ್ಷ

ಅದರಲ್ಲಿ ಒಂದು ಕಣ್ಣಿಗೆ 1832 × 1920 ಪಿಕ್ಸೆಲ್. ನೋಟದ ಒಂದು ಡಿಗ್ರಿಗೆ ಹೆಚ್ಚು ಕಡಿಮೆ 20 ಪಿಕ್ಸೆಲ್ ಬೀಳುತ್ತದೆ. ಒಳ್ಳೆಯ ಕಣ್ಣಿಗೆ ಒಂದು ಡಿಗ್ರಿಯಲ್ಲಿ 60 ಬೇಕು ಅನ್ನುವುದು ಲೆಕ್ಕ. ಅಂದರೆ ಹೆಡ್‌ಸೆಟ್ ಹಾಕಿಕೊಂಡವರ ದೃಷ್ಟಿ ಮೂರರಲ್ಲಿ ಒಂದು ಪಾಲು ಅಂತಿಟ್ಟುಕೊಳ್ಳಿ.

ಒಂದೂವರೆ ಸೆಂಟಿಮೀಟರ್ ಸೀಳು ಬರೀ ಕಣ್ಣಿಗೆ 50 ಮೀಟರ್ ದೂರದವರೆಗೆ ನಿಲ್ಲುತ್ತದೆ. ನಿಮ್ಮ ಹೆಡ್‌ಸೆಟ್‌ನಲ್ಲಿ 17 ಮೀಟರ್‌ಗೆ ಅದು ಒಂದೇ ಪಿಕ್ಸೆಲ್. ಸೀಳು ಸೀಳಾಗಿ ಕಾಣಲು ಒಂದು ಪಿಕ್ಸೆಲ್ ಸಾಲದು, ಎರಡಾದರೂ ಬೇಕು. ಆಗ ಎಂಟೂವರೆ ಮೀಟರ್‌ಗೇ ಕತೆ ಮುಗಿಯಿತು. ನಿಮ್ಮ ದೂರದ ಬೋರ್ಡ್ ಎಷ್ಟರಲ್ಲಿದೆ?

ಸ್ಲೋ ಲೋಕಲ್

12 ಮೀಟರ್. 😐

ವಾಸ್ಕೊ ವಾಸು

ತಡೀರಿ. ಹಾಗಿದ್ದರೆ ಇದು ಹೆಡ್‌ಸೆಟ್ ತಪ್ಪು, ಡಿಸ್ಟೆನ್ಸ್ ಫೀಲ್ಡ್ ತಪ್ಪಲ್ಲ. ಯಾರಾದರೂ ಅದನ್ನೇ ಕೇಳುತ್ತಾರೆ. ಟೆಕ್ಸ್‌ಚರ್ ಅಂಟಿಸಿದರೂ ಇದೇ ಗತಿ ಅಲ್ವಾ?

ಏಳನೇ ವರ್ಷ

ಒಳ್ಳೆಯ ಪ್ರಶ್ನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಚಿಕ್ಕ ಫೀಲ್ಡ್‌ನಲ್ಲಿ ಸೀಳಿನ ಎರಡೂ ಅಂಚು ಹತ್ತಿರ ಹತ್ತಿರ ಬಂದು ಮೊದಲೇ ಅರ್ಧ ಮುಚ್ಚಿರುತ್ತದೆ. ಒತ್ತಕ್ಷರಕ್ಕೆ ಇನ್ನೂ ಕಷ್ಟ. ಒತ್ತು ಚಿಕ್ಕದು, ಆದರೆ ನೀವು ಅದಕ್ಕೂ ಮೇಲಿನ ಅಕ್ಷರದ ಅಳತೆಯಲ್ಲೇ ಜಾಗ ಹಂಚಿದ್ದೀರಿ ಅನಿಸುತ್ತದೆ. 'ಕ್ಷ್ಮೀ' ಕೆಳಗೆ ನೋಡಿ, ಮೊಸರು ಕಲಸಿದ ಹಾಗಿದೆ. ಒತ್ತಿಗೆ ದುಪ್ಪಟ್ಟು ವಿವರ ಕೊಟ್ಟು ನೋಡಿ. ಆಮೇಲೆ ನಾಲ್ಕು ಜನರಿಗೆ ತೋರಿಸಿ, ಎಷ್ಟು ದೂರದವರೆಗೆ ಸರಿ ಓದುತ್ತಾರೆ ಅಂತ ಬರೆದಿಡಿ.

ಠಾಣೆ ಶೆಟ್ಟರು

ನಾಲ್ಕಲ್ಲ, ಹನ್ನೊಂದು ಜನ ಇದ್ದಾರೆ ನನ್ನ ಹತ್ತಿರ. ಎಲ್ಲ ಊರಿನ ಹುಡುಗರು, ಕನ್ನಡ ಓದುತ್ತಾರೆ. ಭಾನುವಾರ ಮೂರೂವರೆಗೆ ಬನ್ನಿ, ಊಟ ಮುಗಿದು ಸಂಜೆಯ ಗಿರಾಕಿ ಶುರುವಾಗುವ ಮೊದಲು ಒಂದು ಗಂಟೆ ಬಿಡುವಿದೆ.

ಸ್ಲೋ ಲೋಕಲ್

*ಸೋಮವಾರ*

ಹೋಗಿ ಬಂದೆ. ಗ್ರೈಂಡರ್ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂರಿಸಿದರು. ದೋಸೆ ಹುಯ್ಯುವವರು ಹೆಡ್‌ಸೆಟ್ ಹಾಕಿಕೊಂಡ ತಕ್ಷಣ ಬೋರ್ಡ್ ಮುಟ್ಟಲು ಕೈ ಚಾಚಿ ಚಟ್ನಿ ಬಕೆಟ್‌ಗೆ ತಾಗಿಸಿದರು. ನಷ್ಟ ಏನಿಲ್ಲ, ಮುಚ್ಚಳ ಇತ್ತು.

ಆದರೆ ಫಲಿತಾಂಶ ವಿಚಿತ್ರ. 12 ಮೀಟರ್‌ನಲ್ಲಿ ಎಲ್ಲರೂ 'ಧನಲಕ್ಷ್ಮೀ' ಅಂತ ಸರಿಯಾಗಿಯೇ ಓದಿದರು! ಸೀಳು ಕಾಣುತ್ತಿಲ್ಲ, ಆದರೂ ಓದಿದರು. ಏನರ್ಥ?

ಡಿಟಿಪಿ ಮಾಮ

ಅವರು ಅಕ್ಷರ ಓದಲಿಲ್ಲ ಮಗಳೇ, ಪದ ಓದಿದರು. ಧನಲಕ್ಷ್ಮೀ ಅಂಗಡಿ ಇಲ್ಲದ ಊರುಂಟಾ? ನಾನು ಪ್ರೂಫ್ ನೋಡುವವನು. ನನಗೆ ಪದ ಕಾಣುವುದಿಲ್ಲ, ಒಂದೊಂದೇ ಅಕ್ಷರ ಕಾಣುತ್ತದೆ. ಊಹೆ ಮಾಡಿ ಓದಿದರೆ ಪ್ರೂಫ್ ಕೆಲಸ ಆಗುವುದಿಲ್ಲ. ವರನ ಹೆಸರಲ್ಲಿ ಒಂದು ಗೀಟು ತಪ್ಪಿದರೂ ಐನೂರು ಕಾಗದ ಮತ್ತೆ ನನ್ನ ತಲೆಗೆ.

ನಿನ್ನ ತಮ್ಮನಂಥ ಹೊಸಬರೂ ಒಂದೊಂದೇ ಅಕ್ಷರ ಓದುವವರು. ಊಹೆ ಮಾಡಲು ಆಗದ ಪದ ಕೊಡು. 'ದನ', 'ಧನ'. 'ಬಾವಿ', 'ಭಾವಿ'. ಎರಡಕ್ಕೂ ಅರ್ಥ ಇರಬೇಕು.

ಏಳನೇ ವರ್ಷ

ಮಾಮ, ನೀವು ನನ್ನ ಗೈಡ್ ಆಗುತ್ತೀರಾ? ಏಳು ವರ್ಷ ಆಗುತ್ತಿರಲಿಲ್ಲ.

ಸ್ಲೋ ಲೋಕಲ್

*ಡಿಸೆಂಬರ್, ವಾಪಸ್ ಬರುವ ರೈಲಿನಿಂದ*

ಮುಗಿಯಿತು. ಎರಡು ಗಂಟೆ ಪೋಸ್ಟರ್ ಮುಂದೆ ನಿಂತೆ. ಕಾಲು ನೋವು, ಗಂಟಲು ನೋವು. ನಿಂತು ಕೇಳಿದವರು ಹದಿನಾಲ್ಕು ಜನ. ಅದರಲ್ಲಿ ಮೂವರು ಟೀ ಎಲ್ಲಿ ಅಂತ ಕೇಳಿದವರು.

ಮಿಲಿಸೆಕೆಂಡ್ ಒಬ್ಬರು ಕೇಳಿದರು. ಮೂಲೆ ಮೊಂಡಾಗುವುದನ್ನು ಇಬ್ಬರು. ಟೆಕ್ಸ್‌ಚರ್ ಯಾಕೆ ಅಂಟಿಸಲಿಲ್ಲ ಅಂತ ಒಬ್ಬರು, ಥೇಟ್ ವಾಸು ಮಾತು, ಕೈಯಲ್ಲಿ ಕಪ್ ಕೂಡ ಇತ್ತು. 'ಹೊಸದೇನು' ಅಂತ ಯಾರೂ ಕೇಳಲೇ ಇಲ್ಲ. ಮೇಲ್ಗಡೆ ದೊಡ್ಡದಾಗಿ ದನ, ಧನ ಎರಡೂ ಹಾಕಿ, ಪಕ್ಕದಲ್ಲಿ ಒಂದು ಹಸು, ಒಂದು ನಾಣ್ಯದ ಚಿತ್ರ ಇಟ್ಟಿದ್ದೆ. ಲಿಪಿ ಗೊತ್ತಿಲ್ಲದವರಿಗೂ ಅದರಲ್ಲೇ ಅರ್ಥವಾಯಿತು.

ಒಂದು ಪ್ರಶ್ನೆಗೆ ಮಾತ್ರ 'ಗೊತ್ತಿಲ್ಲ ಸರ್, ನೋಡಿಲ್ಲ' ಅಂದೆ. ತಲೆ ಅಲ್ಲಾಡಿಸಿದಾಗ ಹೆಡ್‌ಸೆಟ್‌ನಲ್ಲಿ ಸೀಳು ಮಿನುಗುತ್ತದಾ ಅಂತ ಕೇಳಿದರು. ಅವರು ಬೈಯಲಿಲ್ಲ. ನೋಡಿ, ಮಿನುಗುತ್ತದೆ, ಅಂದರು. ಎರಡು ಪೋಸ್ಟರ್ ಆಚೆ ಹೈದರಾಬಾದಿನ ಹುಡುಗಿ ಇದ್ದಳು. ತೆಲುಗಿನಲ್ಲೂ ದ, ಧ ನಡುವೆ ಕೆಳಗಿನ ಗೀಟೇ ವ್ಯತ್ಯಾಸವಂತೆ. ಇಬ್ಬರೂ ಸೇರಿ ಮುಂದಿನದು ಮಾಡೋಣ ಅಂತ ಮಾತಾಗಿದೆ.

ಶೆಟ್ಟರೇ, ಬೀದಿಗೆ ಹೋಟೆಲ್ ಬಂದಿದೆ. ಹೊಸ ಚಿತ್ರ ಹಾಕಿದ್ದೇನೆ.

ಠಾಣೆ ಶೆಟ್ಟರು

ನೋಡಿದೆ. ಖುಷಿಯಾಯಿತು. ಇಡ್ಲಿ 20 ರೂಪಾಯಿ ಅಂತ ಹಾಕಿದ್ದೀರಿ, ಪ್ಲೇಟಿಗಾ ಒಂದಕ್ಕಾ? ಪ್ಲೇಟಿಗಾದರೆ ಆ ರೇಟಿಗೆ ಬೀದಿ ಮುಚ್ಚಬೇಕಾಗುತ್ತದೆ.

ಡಿಟಿಪಿ ಮಾಮ

ಧ ಚೆನ್ನಾಗಿ ಬಂದಿದೆ. ಕ್ಷ್ಮೀ ಕೂಡ ಈಗ ಓದಬಹುದು. ಆದರೆ ಮಗಳೇ, 'ಸ್ಟೋರ್ಸ್' ನೋಡು. ಕೊನೆಯ ಅರ್ಕಾವೊತ್ತು ಬೋರ್ಡ್ ದಾಟಿ ಪಕ್ಕದ ಹೋಟೆಲಿನ ಗೋಡೆ ಮೇಲೆ ಕೂತಿದೆ.

ಸ್ಲೋ ಲೋಕಲ್

ಅಯ್ಯೋ ಮಾಮ. ಕಲ್ಯಾಣ ಸ್ಟೇಷನ್ ಬರಲಿ, ಲ್ಯಾಪ್‌ಟಾಪ್ ತೆಗೆಯುತ್ತೇನೆ.